ನಾಯಿ ಮುಂದೆ, ಕೋವಿ ಹಿಂದೆ

1937ರ ಸೆಪ್ಟೆಂಬರ್ 4ರಂದು ಅಮೆರಿಕದ ಅಲಬಾಮ ರಾಜ್ಯದ ವಾಯವ್ಯ ಮೂಲೆಯ ಕಾಡಿನಲ್ಲಿ ಕೀ ಅಂಡರ್‌ವುಡ್ ಎಂಬ ಬೇಟೆಗಾರರು ತಮ್ಮ ನಾಯಿ ಟ್ರೂಪ್‌ನನ್ನು ಮಣ್ಣು ಮಾಡಿದರು. ಹದಿನೈದು ವರ್ಷಗಳ ಕಾಲ ಅವರೊಂದಿಗೆ ರಕೂನ್ ಬೇಟೆಗೆ ಹೋಗಿದ್ದ ನಾಯಿ ಅದು. ರಕೂನ್ ಎಂದರೆ ಕಣ್ಣಿನ ಸುತ್ತ ಕಪ್ಪು ಪಟ್ಟಿಯಿರುವ, ರಾತ್ರಿ ಹೊತ್ತು ತಿರುಗಾಡುವ, ಅಪಾಯ ಕಂಡರೆ ಮರ ಹತ್ತುವ ಪ್ರಾಣಿ. ಊರಿನ ಬೇಟೆಗಾರರು ಸೇರುತ್ತಿದ್ದ ಬಿಡಾರದ ಜಾಗವನ್ನೇ ಅಂಡರ್‌ವುಡ್ ಆರಿಸಿಕೊಂಡರು. ಹಳೆಯ ಚಿಮಣಿಯೊಂದರ ಕಲ್ಲು ತಂದು, ಸುತ್ತಿಗೆ ಮತ್ತು ಸ್ಕ್ರೂಡ್ರೈವರಿನಿಂದ ಹೆಸರು, ತಾರೀಖು ಕೆತ್ತಿ ನಿಲ್ಲಿಸಿದರು. ಸ್ಮಶಾನ ಕಟ್ಟುವ ಯೋಚನೆ ಅವರಿಗಿರಲಿಲ್ಲ. ಬೇರೆಯವರೂ ತಮ್ಮ ನಾಯಿಗಳನ್ನು ಅಲ್ಲಿಗೇ ತರತೊಡಗಿದರು. ಇಂದು ಅಲ್ಲಿ ನೂರಕ್ಕೂ ಹೆಚ್ಚು ಸಮಾಧಿಗಳಿವೆ. ಬರೀ ಮನೆಯಲ್ಲಿ ಮುದ್ದಿಗೆ ಸಾಕಿದ ನಾಯಿಗೆ ಆ ಮಣ್ಣು ಸಿಗುವುದಿಲ್ಲ. ಅಪ್ಪಟ ರಕೂನ್ ನಾಯಿ ಎಂದು ಬಲ್ಲವರು ಸಾಕ್ಷಿ ಹೇಳಬೇಕು.

ಜಿಂಕೆ ಹೊಡೆದವರು ಕೊಂಬನ್ನು ಗೋಡೆಗೆ ಹಾಕುತ್ತಾರೆ. ಅಳಿಲು, ಮೊಲ, ರಕೂನಿನಂಥ ಸಣ್ಣ ಬೇಟೆಯಲ್ಲಿ ಗೋಡೆಗೆ ಹಾಕುವಂಥದ್ದು ಹೆಚ್ಚೇನೂ ಸಿಗುವುದಿಲ್ಲ. ಮಾಂಸ ಒಂದೆರಡು ಊಟಕ್ಕೆ ತೀರಿಹೋಗುತ್ತದೆ. ವರ್ಷಗಟ್ಟಲೆ ಮಾತಿಗೆ ಉಳಿಯುವುದು ನಾಯಿ ಮಾಡಿದ ಕೆಲಸ. ದೊಡ್ಡ ಬೇಟೆ ಬಿಟ್ಟು ಸಣ್ಣ ಬೇಟೆಗೆ ಮರಳುವವರನ್ನು ಮುಖ್ಯವಾಗಿ ಎಳೆದು ತರುವುದೂ ಈ ನಾಯಿಯೇ.

ಅವರು ಸಣ್ಣ ಬೇಟೆಯನ್ನು ಬಿಟ್ಟುಹೋದದ್ದಾದರೂ ಏಕೆ? ಇದರ ಹಿಂದೆ ಜಿಂಕೆಯ ಕಥೆಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಾರಾಟಕ್ಕೆಂದೇ ನಡೆದ ಬೇಟೆ ಅಮೆರಿಕದ ಕಾಡುಗಳನ್ನು ಬರಿದು ಮಾಡಿತ್ತು. ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಬಿಳಿಬಾಲದ ಜಿಂಕೆ ಹಲವು ರಾಜ್ಯಗಳಲ್ಲಿ ಕಾಣಸಿಗುವುದೇ ಅಪರೂಪವಾಯಿತು. ಆಗ ಹಳ್ಳಿಯ ಹುಡುಗನಿಗೆ ಬೇಟೆ ಎಂದರೆ ಅಳಿಲು ಮತ್ತು ಮೊಲ. ಟ್ರೂಪ್‌ನನ್ನು ಮಣ್ಣು ಮಾಡುವ ಎರಡು ದಿನ ಮೊದಲು ಅಧ್ಯಕ್ಷ ರೂಸ್‌ವೆಲ್ಟ್ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಗೆ ಸಹಿ ಹಾಕಿದ್ದರು. ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯ ಹಣ ಅಂದಿನಿಂದ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗತೊಡಗಿತು. ಈಗ ಆ ತೆರಿಗೆ ಶೇ. 11. ಜಿಂಕೆಗಳನ್ನು ಹಿಡಿದು ತಂದು ಬಿಟ್ಟರು, ಕಾವಲು ಬಿಗಿಯಾಯಿತು, ಸಂಖ್ಯೆ ಕೋಟಿ ದಾಟಿತು. ಬೇಟೆಗಾರರು ಜಿಂಕೆಯ ಹಿಂದೆ ಹೋದರು.

ಜಿಂಕೆ ಬೇಟೆಯೆಂದರೆ ಹೆಚ್ಚಾಗಿ ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಒಬ್ಬರೇ ಕೂರುವುದು. ಮಾತಿಲ್ಲ, ಕೆಮ್ಮುವಂತಿಲ್ಲ, ಅಲ್ಲಾಡುವಂತಿಲ್ಲ. ಬಹುತೇಕ ರಾಜ್ಯಗಳಲ್ಲಿ ಜಿಂಕೆಯ ಹಿಂದೆ ನಾಯಿ ಬಿಡುವುದಕ್ಕೂ ಅನುಮತಿಯಿಲ್ಲ. ಅಲ್ಲಿಯ ಸರ್ಕಾರಿ ಸಮೀಕ್ಷೆಯ ಪ್ರಕಾರ ಸಣ್ಣ ಬೇಟೆಯವರ ಸಂಖ್ಯೆ 1991ರಲ್ಲಿ ಸುಮಾರು 76 ಲಕ್ಷವಿದ್ದದ್ದು 2016ಕ್ಕೆ ಸುಮಾರು 35 ಲಕ್ಷಕ್ಕೆ ಇಳಿಯಿತು. ಬೇಟೆಗೆ ಹೋಗುವವರ ಒಟ್ಟು ಸಂಖ್ಯೆಯೂ ಆ ಅವಧಿಯಲ್ಲಿ ಕುಗ್ಗಿತು, ಆದರೆ ಇಷ್ಟು ರಭಸದಿಂದಲ್ಲ.

ಹೀಗಿರುವಾಗ ಹಲವು ರಾಜ್ಯಗಳ ವನ್ಯಜೀವಿ ಇಲಾಖೆಗಳು ಹೊಸಬರಿಗೆ ಮೊದಲ ಪಾಠವಾಗಿ ಅಳಿಲು ಬೇಟೆಯನ್ನು ಹೇಳಿಕೊಡುತ್ತವೆ. ದುಬಾರಿ ಸಲಕರಣೆ ಬೇಕಿಲ್ಲ, ಹೋಗಲು ಸಾರ್ವಜನಿಕ ಕಾಡುಗಳಿವೆ, ಋತುವೂ ದೀರ್ಘ. ಮಿಸೌರಿಯಲ್ಲಿ ಮೇ ಕೊನೆಯಲ್ಲಿ ಶುರುವಾದದ್ದು ಫೆಬ್ರವರಿ 15ರವರೆಗೆ ನಡೆಯುತ್ತದೆ. ಒಬ್ಬರಿಗೆ ದಿನಕ್ಕೆ ಹತ್ತು ಅಳಿಲಿನ ಮಿತಿ. ಅಲ್ಲಿಯ ಬೂದು ಅಳಿಲು ಅರ್ಧ ಕಿಲೋ ತೂಗುತ್ತದೆ, ನಮ್ಮ ಮೂರು ಗೀರಿನ ಅಳಿಲಿನ ನಾಲ್ಕೈದು ಪಟ್ಟು. ವಯಸ್ಸಾಗಿ ಅಟ್ಟಣೆ ಹತ್ತಲಾಗದವರಿಗೂ, ಸುಮ್ಮನೆ ಕೂರಲಾರದ ಮಕ್ಕಳಿಗೂ ಇದು ಒಗ್ಗುತ್ತದೆ. ಅಜ್ಜ, ಮೊಮ್ಮಗಳು ಮಾತಾಡಿಕೊಂಡು ನಡೆಯಬಹುದು. ಹುಡುಕುವ ಕೆಲಸ ನಾಯಿಯದು.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅಳಿಲು ಬೇಟೆಗೆ ಹೆಸರಾದದ್ದು ಫೈಸ್ಟ್ ಎಂಬ ಪುಟ್ಟ ನಾಯಿ. ಎಂಟು ಹತ್ತು ಕಿಲೋ ತೂಗಬಹುದು. ದಕ್ಷಿಣದ ಗುಡ್ಡಗಾಡಿನ ರೈತರ ಮನೆಗಳಲ್ಲಿ ಬೆಳೆದ ತಳಿ. ಜಾರ್ಜ್ ವಾಷಿಂಗ್ಟನ್ 1770ರ ದಿನಚರಿಯಲ್ಲಿ ಇಂಥದೊಂದು ಹಳದಿ ನಾಯಿಯ ಪ್ರಸ್ತಾಪ ಮಾಡಿದ್ದಾರೆ. ಕಾಡಿಗೆ ಬಿಟ್ಟೊಡನೆ ಅದು ಸದ್ದಿಲ್ಲದೆ ಮುಂದೆ ಓಡುತ್ತದೆ. ನೆಲದಲ್ಲಿ ವಾಸನೆ ಹಿಡಿಯುತ್ತದೆ, ತಲೆಯೆತ್ತಿ ಗಾಳಿ ಮೂಸುತ್ತದೆ, ಆಗಾಗ ನಿಂತು ಕಿವಿಗೊಡುತ್ತದೆ. ತೊಗಟೆಯ ಮೇಲೆ ಉಗುರು ಪರಚಿದ ಸದ್ದು, ಮೇಲಿಂದ ಬಿದ್ದ ಕಾಯಿಯ ಸಿಪ್ಪೆ ಅದಕ್ಕೆ ಸಾಕು. ಮರ ಖಚಿತವಾದ ಮೇಲೆ ಮುಂಗಾಲುಗಳನ್ನು ಬೊಡ್ಡೆಗೆ ಊರಿ, ಮುಖ ಮೇಲೆತ್ತಿ ಬಿಡದೆ ಬೊಗಳುತ್ತದೆ.

ಅಷ್ಟಕ್ಕೆ ಅಳಿಲು ಕಾಣಿಸಿತು ಎಂದಲ್ಲ. ಮನುಷ್ಯ ಬಂದ ಕೂಡಲೇ ಅದು ಕಾಂಡದ ಆಚೆ ಬದಿಗೆ ಸರಿದು ತೊಗಟೆಗೆ ಅಂಟಿಕೊಳ್ಳುತ್ತದೆ. ಆಗ ಒಬ್ಬರು ಕೋವಿ ಹಿಡಿದು ಅಲ್ಲಾಡದೆ ನಿಲ್ಲುತ್ತಾರೆ. ಇನ್ನೊಬ್ಬರು ತರಗೆಲೆ ತುಳಿಯುತ್ತ ಮರವನ್ನು ಸುತ್ತುತ್ತಾರೆ, ಮರಕ್ಕೆ ಹಬ್ಬಿದ ಬಳ್ಳಿಯಿದ್ದರೆ ಹಿಡಿದು ಅಲುಗಾಡಿಸುತ್ತಾರೆ. ಸದ್ದಿನಿಂದ ದೂರ ಸರಿಯುವ ಅಳಿಲು ನಿಂತವರ ಕಡೆಗೆ ಬರುತ್ತದೆ. ಇಷ್ಟೂ ಹೊತ್ತು ನಾಯಿಗೆ ಮರ ಬಿಟ್ಟು ಕದಲದ ತಾಳ್ಮೆ ಇರಬೇಕು. ಎಳೆಯ ನಾಯಿ ಖಾಲಿ ಮರಕ್ಕೂ ಬೊಗಳುತ್ತದೆ, ಜಿಂಕೆಯ ಜಾಡು ಹಿಡಿದು ಕಾಣೆಯಾಗುತ್ತದೆ. ಪಳಗಿದ ನಾಯಿಯ ಜೊತೆ ಬಿಟ್ಟು ಅದನ್ನು ತಿದ್ದುವುದುಂಟು. ಬಾಯಿ ತೆರೆದರೆ ಮರದಲ್ಲಿ ಅಳಿಲಿದೆ ಎಂದೇ ಅರ್ಥ ಎಂಬಂಥ ನಾಯಿಗೆ ಬೇಟೆಗಾರರಲ್ಲಿ ದೊಡ್ಡ ಗೌರವ.

ಮೊಲದ ಬೇಟೆಯಲ್ಲಿ ರೀತಿಯೇ ಬೇರೆ. ಅಲ್ಲಿಯ ಕಾಟನ್‌ಟೇಲ್ ಮೊಲ ತನ್ನ ಸಣ್ಣ ಸರಹದ್ದನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ. ಅಟ್ಟಿದರೆ ಸುತ್ತು ಹಾಕಿ ಎದ್ದ ಜಾಗದ ಹತ್ತಿರಕ್ಕೇ ಬರುತ್ತದೆ. ಇದನ್ನು ಬಲ್ಲ ಬೇಟೆಗಾರ ಮೊಲ ಎದ್ದಲ್ಲೇ ನಿಂತು ಕಾಯುತ್ತಾನೆ. ಅಟ್ಟುವುದು ಬೀಗಲ್‌ಗಳ ಗುಂಪು. 15 ಅಂಗುಲಕ್ಕಿಂತ ಎತ್ತರವಿರದ ಈ ಗಿಡ್ಡ ಕಾಲಿನ ನಾಯಿಗಳು ಮೊಲವನ್ನು ಓಡಿ ಹಿಡಿಯುವುದು ಅಪರೂಪ. ನಿಧಾನವಾಗಿ, ಜಾಡು ಬಿಡದೆ, ಉದ್ದಕ್ಕೂ ಕೂಗುತ್ತ ಬರುತ್ತವೆ. ಯಾವ ಕೂಗು ಯಾವ ನಾಯಿಯದು, ಜಾಡು ಬಿಸಿಯಾಗಿದೆಯೇ, ತಪ್ಪಿತೇ ಎಂಬುದು ಸಾಕಿದವರಿಗೆ ದೂರದಿಂದಲೇ ತಿಳಿಯುತ್ತದೆ. ಕೋವಿ ಎತ್ತದೆ ಬರೀ ಈ ಕೂಗು ಕೇಳಿ ಬರುವವರೂ ಇದ್ದಾರೆ.

ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 50–60 ಲಕ್ಷವಾದರೆ ಬೀಗಲ್‌ನದರಲ್ಲಿ 20 ಕೋಟಿಗೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ನಾಯಿ ಉಸಿರು ಬಿಡುವಾಗ ಗಾಳಿ ಹೊಳ್ಳೆಯ ಪಕ್ಕದ ಸೀಳುಗಳಿಂದ ಹೊರಹೋಗುತ್ತದೆ. ಆದ್ದರಿಂದ ಮುಂದಿನ ವಾಸನೆ ಕದಡುವುದು ಕಡಿಮೆ. ಆದರೂ ಒಣಗಾಳಿ ಬೀಸಿದ ದಿನ ಒಳ್ಳೆಯ ನಾಯಿಗೂ ಜಾಡು ತಪ್ಪುತ್ತದೆ. ನೆಲ ತುಸು ಒದ್ದೆಯಿದ್ದು ಗಾಳಿ ನಿಂತಿದ್ದರೆ ಕೆಲಸ ಸಲೀಸು.

ಟ್ರೂಪ್‌ಗೆ ನಿಲ್ಲಿಸಿದಂತೆ ಬೇಟೆನಾಯಿಗೆ ಕಲ್ಲು ನೆಡುವ ರೂಢಿ ಕನ್ನಡನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಹತ್ತನೇ ಶತಮಾನದ ಮಧ್ಯದ ಆತಕೂರಿನ ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ಯೋಧ ಬಹುಮಾನವಾಗಿ ಬೇಡಿ ಪಡೆದ ನಾಯಿ ‘ಕಾಳಿ’ಯ ಕಥೆಯಿದೆ. ಕಾಳಿ ಹಂದಿಯೊಂದಿಗೆ ಸೆಣಸಿ, ಅದನ್ನು ಕೊಂದು, ತಾನೂ ಸತ್ತಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೊಲದ ಬೇಟೆಗೆ ಹೆಸರಾದ ಮುಧೋಳ ನಾಯಿ ಬೀಗಲ್‌ಗೆ ತದ್ವಿರುದ್ಧ: ಕಣ್ಣಿನಿಂದ ಗುರಿ ಹಿಡಿದು, ಬಯಲಿನಲ್ಲಿ ಓಡಿಯೇ ಹಿಡಿಯುವ ತಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಕಾಡುಮೊಲದ ಬೇಟೆ ಅಪರಾಧ, ಹಾಗಿರಬೇಕಾದದ್ದೂ ಸರಿಯೇ. ಮುಧೋಳ ತಳಿಯನ್ನು ಉಳಿಸುವ ಕೆಲಸ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ನಡೆದಿದೆ.

ಅಮೆರಿಕದಲ್ಲೂ ಕೊಲ್ಲದೆಯೇ ನಾಯಿಯ ಕಸುಬು ನೋಡುವ ದಾರಿಯೊಂದು ಬೆಳೆದಿದೆ. ಯುನೈಟೆಡ್ ಕೆನಲ್ ಕ್ಲಬ್ ನಡೆಸುವ ರಾತ್ರಿ ಸ್ಪರ್ಧೆಗಳಲ್ಲಿ ನಾಲ್ಕು ರಕೂನ್ ನಾಯಿಗಳನ್ನು ಒಟ್ಟಿಗೆ ಕತ್ತಲಿಗೆ ಬಿಡುತ್ತಾರೆ. ಬೊಗಳು ಕೇಳಿದೊಡನೆ ಅದು ತನ್ನ ನಾಯಿಯೇ ಎಂದು ಯಜಮಾನ ಗುರುತಿಸಿ, ಹೆಸರು ಹಿಡಿದು ಕೂಗಬೇಕು. ಜಾಡು ಹಿಡಿದ ಮೊದಲ ನಾಯಿಗೆ 100 ಅಂಕ, ಮರ ತೋರಿದ ಮೊದಲನೆಯದಕ್ಕೆ 125. ಆಮೇಲೆ ಎಲ್ಲರೂ ಟಾರ್ಚ್ ಬಿಟ್ಟು ಕೊಂಬೆ ಕೊಂಬೆ ಹುಡುಕುತ್ತಾರೆ. ರಕೂನ್ ಕಂಡರೆ ಅಂಕ ದಕ್ಕುತ್ತದೆ, ಮರ ಖಾಲಿಯಾಗಿದ್ದರೆ ಅಷ್ಟೇ ಅಂಕ ಕಳೆಯುತ್ತಾರೆ. ರಕೂನನ್ನು ಮುಟ್ಟದೆ, ನಾಯಿಗಳಿಗೆ ಹಗ್ಗ ಹಾಕಿ ಮುಂದಿನ ಜಾಡಿಗೆ ಹೊರಡುತ್ತಾರೆ.