ಗೇರ್‌ಬಾಕ್ಸ್ ಆಯಿಲ್: ಮೊದಲು ಬಿಸಿ ನೋಡಿ, ಆಮೇಲೆ ಮಟ್ಟ

ತುಮಕೂರು ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ಕಡೆ ಹೊರಟ ಆಟೊಮ್ಯಾಟಿಕ್ ಕಾರಿಗೆ ಆ ದಾರಿ ಸಲೀಸು. ಒಂದೇ ವೇಗದ ಓಟ, ಎದುರಿನಿಂದ ಗಾಳಿ; ಗೇರ್‌ಬಾಕ್ಸ್‌ನ ಬಿಸಿ ಹದದಲ್ಲೇ ಇರುತ್ತದೆ. ಅದೇ ಗಾಡಿ ಶುಕ್ರವಾರ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ ದರ್ಶನಕ್ಕೆ ಹೋಗಿ ವಾಹನಗಳ ಸಾಲಿನಲ್ಲಿ ತೆವಳಿದರೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್‌ನೊಳಗೆ ಆಯಿಲ್ ಮಜ್ಜಿಗೆ ಕಡೆದ ಹಾಗೆ ಸುತ್ತಿ ಬಿಸಿಯೇರುತ್ತದೆ.

ಈ ಆಯಿಲ್ ಬರೀ ಜಿಡ್ಡಲ್ಲ. ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ದಾಟಿಸುವುದು, ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದು, ಬಿಸಿಯನ್ನು ಹೊರಗೆ ಸಾಗಿಸುವುದು ಎಲ್ಲ ಅದರದೇ ಕೆಲಸ. ಕಡಿಮೆಯಾದರೆ ಪಂಪ್ ಗಾಳಿ ಎಳೆದುಕೊಂಡು ಕ್ಲಚ್ ಜಾರುತ್ತದೆ, ಸುಡುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳಿಗೆ ತಗಲಿ ನೊರೆ ಬರುತ್ತದೆ.

ಬಿಸಿಯಾದಾಗ ಆಯಿಲ್ ಹಿಗ್ಗುವುದರಿಂದಲೇ ಅಳತೆ ತಪ್ಪುವುದು. 25 ಡಿಗ್ರಿಯಲ್ಲಿದ್ದ 7 ಲೀಟರ್ ಆಯಿಲ್ 80 ಡಿಗ್ರಿಗೆ ಬರುವಷ್ಟರಲ್ಲಿ ಕಾಲು ಲೀಟರಿಗೂ ಹೆಚ್ಚು ಹಿಗ್ಗಿರುತ್ತದೆ. ತಣ್ಣಗಿದ್ದಾಗ ಕಡಿಮೆ ಕಂಡಿತೆಂದು ಸುರಿದರೆ, ಓಡುವಾಗ ಅದು ಹೆಚ್ಚಾಗುತ್ತದೆ.

ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇರುವ ಗಾಡಿಯಾದರೆ ಮನೆಯಲ್ಲೇ ನೋಡಬಹುದು. 20 ನಿಮಿಷ ಓಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಬೇಕು. ಎಂಜಿನ್ ಚಾಲೂ ಇರಲಿ. ಬ್ರೇಕ್ ಒತ್ತಿಕೊಂಡು ಲಿವರನ್ನು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕ್ಷಣಕಾಲ ನಿಲ್ಲಿಸಿ ಮತ್ತೆ ಪಿಗೆ ತರಬೇಕು. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದರೆ ಆಯಿಲ್ ‘ಹಾಟ್’ ಗುರುತಿನೊಳಗೆ ನಿಂತಿರಬೇಕು. ಹೋಂಡಾದ ಹಲವು ಗಾಡಿಗಳಲ್ಲಿ ಮಾತ್ರ ಎಂಜಿನ್ ಆರಿಸಿದ ಕೂಡಲೇ ನೋಡುವ ಕ್ರಮವಿದೆ. ಒಂದು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟು ನೋಡಿ: ಹೊಸ ಆಯಿಲ್ ಸಾಮಾನ್ಯವಾಗಿ ತಿಳಿ ಕೆಂಪು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗ್ಯಾರೇಜಿನ ಕೆಲಸ.

ಈಗಿನ ಬಹುತೇಕ ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಇನ್ನೋವಾ ಕ್ರಿಸ್ಟಾ ಆಟೊಮ್ಯಾಟಿಕ್‌ನಲ್ಲಿ ಗೇರ್‌ಬಾಕ್ಸ್ ಕೆಳಗಿನ ಬೋಲ್ಟ್ ಬಿಚ್ಚಿ, ಹೆಚ್ಚಿನ ಆಯಿಲ್ ಹರಿದು ತೊಟ್ಟಿಕ್ಕುವ ಹಂತಕ್ಕೆ ಬಂದಾಗ ಮುಚ್ಚಬೇಕು. ಇಂಥ ಹಲವು ಗಾಡಿಗಳಿಗೆ ಆ ಹೊತ್ತಿನ ಬಿಸಿ 35ರಿಂದ 45 ಡಿಗ್ರಿ ನಡುವೆ ಇರಬೇಕೆಂಬ ನಿಯಮವಿದೆ. ಬಿಸಿ ತಿಳಿಯಲು ಆ ಕಂಪನಿಯ ಅಳತೆ ಓದಬಲ್ಲ ಸ್ಕ್ಯಾನರ್ ಬೇಕು. ಅಗ್ಗದ ಬ್ಲೂಟೂತ್ ಸಾಧನಗಳೆಲ್ಲ ಅದನ್ನು ತೋರಿಸುವುದಿಲ್ಲ.

ಶಿರಾ, ಪಾವಗಡದವರು ಗಮನಿಸಬೇಕಾದ್ದು ಇಲ್ಲಿಯೇ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಹತ್ತಿರದ ಬಿಸಿಲಲ್ಲಿ ನಿಂತ ಗಾಡಿಯ ಆಯಿಲ್, ಎಂಜಿನ್ ಚಾಲೂ ಮಾಡುವ ಮೊದಲೇ ಆ ಮಿತಿಯ ಅಂಚಿನಲ್ಲಿರುತ್ತದೆ. ಬೋಲ್ಟ್ ಬಿಚ್ಚುವಷ್ಟರಲ್ಲಿ ಬಿಸಿ ಮಿತಿ ಮೀರಿ, ಹಿಗ್ಗಿದ ಆಯಿಲ್ ಬೇಕಾದ್ದಕ್ಕಿಂತ ಹೆಚ್ಚು ಹರಿದುಹೋಗುತ್ತದೆ. ಈ ಕೆಲಸವನ್ನು ಬೆಳಿಗ್ಗೆ ಗ್ಯಾರೇಜ್ ತೆರೆದ ಕೂಡಲೇ, ಲಿಫ್ಟ್ ಮೇಲೆ ಮಾಡಿಸಬೇಕು. ಬರೀ ಜಾಕ್ ನಂಬಿ ಯಾರೂ ಗಾಡಿ ಕೆಳಗೆ ನುಗ್ಗಬಾರದು.

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಭಾರತಕ್ಕೆ ಬಂದ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ) ಗಾಡಿಗಳಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಅವುಗಳಿಗೆ ಈ ಪರೀಕ್ಷೆ ಹೊಂದದು. ಗೇರ್‌ಗಳ ಬದಲು ಬೆಲ್ಟ್ ಬಳಸುವ ಸಿವಿಟಿಗೆ ಅದರದೇ ಆಯಿಲ್. ಬೇರೆಯದನ್ನು ಸುರಿದರೆ ಬೆಲ್ಟ್ ಜಾರಿ ಸವೆಯುತ್ತದೆ. ಹಾಗಾಗಿ ಗ್ಯಾರೇಜಿಗೆ ಹೊರಡುವ ಮುನ್ನ ಗಾಡಿಯ ಕೈಪಿಡಿ ತೆರೆದು, ಆಯಿಲ್ ಹೆಸರಿರುವ ಪುಟದ ಫೋಟೊ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಅದೇ ಹೆಸರಿದ್ದರೆ ಮಾತ್ರ ಹಾಕಿಸಿ.