ನೋವಿಗೊಂದು ಸಾಲು

ಬೆಳ್ಳಾರೆ–ನಿಂತಿಕಲ್ಲು ರಸ್ತೆಯಲ್ಲಿ ಯಾರಿಗಾದರೂ ಜೀಪು ಬಡಿದು ಕಾಲು ಮುರಿಯಿತೆನ್ನಿ, ಪೇಟೆಯ ಹೋಟೆಲಿನಲ್ಲಿ ಕೇಳುವ ಪ್ರಶ್ನೆಗಳು ಇವೇ: ರಾಡ್ ಹಾಕಿದ್ದಾರಾ? ಗಾಡಿಗೆ ಇನ್ಶೂರೆನ್ಸ್ ಉಂಟಾ? ಡಾಕ್ಟ್ರು ಊನದ ಪರ್ಸೆಂಟೇಜ್ ಎಷ್ಟು ಬರೆದುಕೊಟ್ಟರು? ರಾತ್ರಿ ನಿದ್ದೆ ಬರುತ್ತದಾ ಎಂದು ಕೇಳುವವರು ಕಡಿಮೆ. ಕ್ಲೇಮು ತೀರ್ಪಿನಲ್ಲಿ ಮಾತ್ರ ಅದಕ್ಕೂ ಒಂದು ಸಾಲಿದೆ: ‘ನೋವು ಮತ್ತು ಯಾತನೆ’. ಎದುರಿಗೊಂದು ದುಂಡು ಮೊತ್ತ. ಆಸ್ಪತ್ರೆ ಖರ್ಚಿಗೆ ಬಿಲ್ಲುಂಟು, ಇದಕ್ಕೆ ಎಂಥದ್ದು?

ಹುಡುಕುವಾಗ ಕಣ್ಣಿಗೆ ಬಿದ್ದದ್ದು ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿದ ಪಟ್ಟಿ. ಚಾಲಕನ ತಪ್ಪು ಸಾಬೀತುಪಡಿಸಬೇಕಿಲ್ಲದ ಅರ್ಜಿಗಳಿಗೆ ಅನ್ವಯಿಸುವಂಥದ್ದು. ಅದರಲ್ಲಿ ತೀವ್ರ ಗಾಯದ ನೋವಿಗೆ 5,000 ರೂಪಾಯಿ, ಉಳಿದದ್ದಕ್ಕೆ 1,000. ಅಡಿಕೆ ಧಾರಣೆ ಎಷ್ಟೋ ಸಲ ಹತ್ತಿ ಇಳಿದರೂ ಈ ದರ 2018ರವರೆಗೆ ಕದಲಲಿಲ್ಲ.

ಅದೇ ಹೊತ್ತಿಗೆ, 1995ರಲ್ಲಿ, ಸುಪ್ರೀಂ ಕೋರ್ಟಿನಿಂದ ಬಂತು ಆರ್.ಡಿ. ಹಟ್ಟಂಗಡಿ ತೀರ್ಪು. ಹೆಸರಲ್ಲೇ ಕುಂದಾಪುರ ಕಡೆಯ ಊರು. ಅವರು 52ರ ವಯಸ್ಸಿನಲ್ಲಿ ಅಪಘಾತಕ್ಕೆ ಸಿಕ್ಕಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ವಕೀಲರು. ನೋವಿಗೆ ಮೂರು ಲಕ್ಷ, ಬದುಕಿನ ಸುಖ ಹೋದದ್ದಕ್ಕೆ ಇನ್ನು ಮೂರು ಕೇಳಿದ್ದರು. ಎರಡಕ್ಕೂ ಸೇರಿ ಮೂರು ಲಕ್ಷ ಸಿಕ್ಕಿತು. ನನಗೆ ಹಿಡಿಸಿದ್ದು ಮೊತ್ತವಲ್ಲ, ನ್ಯಾ. ಎನ್.ಪಿ. ಸಿಂಗ್ ಅವರು ಮುಚ್ಚುಮರೆಯಿಲ್ಲದೆ ಬರೆದದ್ದು: ಈ ಲೆಕ್ಕದಲ್ಲಿ ಒಂದಿಷ್ಟು ಊಹೆ, ಒಂದಿಷ್ಟು ಕಲ್ಪನೆ, ಊನದ ಸ್ವರೂಪಕ್ಕೆ ತಕ್ಕಂತೆ ಒಂದಿಷ್ಟು ಅನುಕಂಪ ಬೆರೆತೇ ಇರುತ್ತದೆ. ಇಂದಿಗೂ ನೋವಿನ ಮಾತು ಬಂದಲ್ಲಿ ವಕೀಲರು ಮೊದಲು ಹೇಳುವುದು ಈ ಹೆಸರನ್ನೇ.

ವಾಹನ ಬಡಿಯದೆ, ಕೂಲಿ ಕೆಲಸದಲ್ಲಿ ಅಡಿಕೆ ಮರದಿಂದ ಬಿದ್ದವನಿಗೆ ಆ ಊಹೆಯೂ ಇಲ್ಲ. 2025ರವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಎಣಿಸುತ್ತಿದ್ದದ್ದು ದುಡಿಮೆ ಎಷ್ಟು ಕುಂದಿತೆಂದು, ನೋವನ್ನಲ್ಲ. ನಮ್ಮ ಕಡೆ ಬೆನ್ನು ಮುರಿದುಕೊಂಡು ಮಲಗಿದವರಲ್ಲಿ ಮರದಿಂದ ಬಿದ್ದವರು ಕಡಿಮೆಯೇನಲ್ಲ!

ನಮ್ಮ ಹೈಕೋರ್ಟಿನಲ್ಲಿದ್ದು ದಿಲ್ಲಿಗೆ ಹೋದ ನ್ಯಾ. ಆರ್.ವಿ. ರವೀಂದ್ರನ್ 2010ರ ಒಂದು ತೀರ್ಪಿನಲ್ಲಿ ವಾಹನ ಅಪಘಾತದ ಪರಿಹಾರದ ತಲೆಬರಹಗಳನ್ನೆಲ್ಲ ಓರಣಗೊಳಿಸಿದರು. 2024ರ ನವೆಂಬರಿನಲ್ಲಿ ಬೆಂಗಳೂರಿನ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾತನೆ ಎಂದರೇನೆಂದು ವೈದ್ಯಕೀಯ ಬರಹಗಳನ್ನೂ ತಿರುವಿ, ನೋವಿನ ಬಾಬ್ತಿಗೆ 15 ಲಕ್ಷ ಕೊಡಿಸಿತು. ಅಪಘಾತವಾದದ್ದು 2008ರಲ್ಲಿ. ನಡುವಿನ 16 ವರ್ಷ ಕಾದ ಯಾತನೆ ಯಾವ ತಲೆಬರಹದಡಿ ಬರುತ್ತದೋ!

ಅತ್ತ 1994ರ ಪಟ್ಟಿ ಹೋಯಿತು. 2022ರ ಏಪ್ರಿಲ್‌ನಿಂದ ಜಾರಿಯಾದ ಹೊಸ ಕಲಮಿನಲ್ಲಿ, ತಪ್ಪು ಸಾಬೀತುಪಡಿಸದೆ ಕೇಳುವುದಾದರೆ, ತೀವ್ರ ಗಾಯಕ್ಕೆ ಸಾರಾಸಗಟು ಎರಡೂವರೆ ಲಕ್ಷ. ನೋವಿಗೆ ಬೇರೆ ಸಾಲಿಲ್ಲ.