ಚೋಮನ ಹೆಂಡದಿಂದ ಟೆಟ್ರಾ ಪ್ಯಾಕಿನವರೆಗೆ: ಊರಿನ ಕುಡಿತ, ಚಿಕಿತ್ಸೆಯ ದಾರಿ



ಕನ್ನಡ ಸಾಹಿತ್ಯ ಓದಿದವರಿಗೆ ಕುಡುಕರ ಪರಿಚಯ ಹೊಸದೇನಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಹೊಲದ ಆಸೆಯನ್ನು ಎದೆಯಲ್ಲಿಟ್ಟುಕೊಂಡ ಚೋಮನಿಗೆ ಸಂಜೆಯಾದರೆ ಹೆಂಡ ಬೇಕು, ದುಡಿ ಬೇಕು. ಜಿ.ಪಿ. ರಾಜರತ್ನಂ ಅವರ ರತ್ನನನ್ನಂತೂ ದುಬೈ, ಅಬುಧಾಬಿಯ ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವೆಲ್ಲ ಹಾಡಿ ಚಪ್ಪಾಳೆ ತಟ್ಟಿದ್ದೇವೆ. ಆದರೆ ನಮ್ಮಲ್ಲಿ ಎಷ್ಟೋ ಮಂದಿಯ ಊರಿನ ಮನೆಗಳಲ್ಲಿ ಒಬ್ಬ ಅಣ್ಣನೋ, ಭಾವನೋ, ಚಿಕ್ಕಪ್ಪನೋ ನಿಜವಾಗಿಯೂ ಆ ಸ್ಥಿತಿಯಲ್ಲಿದ್ದಾರೆ. ಅವರ ಬಗ್ಗೆ ಮಾತ್ರ ನಾವು ಬಾಯಿ ಬಿಡುವುದಿಲ್ಲ. ಈ ಸಲದ ಲೇಖನ ಅವರಿಗೆ ಸಿಗಬೇಕಾದ ಚಿಕಿತ್ಸೆಯ ಕುರಿತು.

ಮೊದಲು ಊರಿನ ಕುಡಿತ ಹೇಗೆ ಬದಲಾಯಿತು ಎಂದು ನೋಡೋಣ. ಚೋಮನ ಕಾಲದ ಹೆಂಡ ಮರದಿಂದ ಇಳಿಸಿದ್ದು, ಅಮಲು ಕಡಿಮೆ. ಅದರ ಪಕ್ಕದಲ್ಲೇ ಬೆಳೆದು ನಿಂತದ್ದು ಸಾರಾಯಿ. 1992ರಲ್ಲಿ ಡಾ. ರಾಜ್‌ಕುಮಾರ್ ಅವರ ‘ಜೀವನ ಚೈತ್ರ’ ತೆರೆಕಂಡಾಗ, ಸಾರಾಯಿ ಅಂಗಡಿಗಳ ವಿರುದ್ಧ ಹಳ್ಳಿಯ ಹೆಂಗಸರು ನಿಂತ ಕಥೆಗಳನ್ನು ನಮ್ಮ ತಲೆಮಾರು ಕೇಳಿ ಬೆಳೆದಿದೆ. ಕೊನೆಗೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹಾಗೆಂದು ಕುಡಿತ ನಿಂತಿತೇ? ಮರುವರ್ಷ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ ಸಣ್ಣ ಟೆಟ್ರಾ ಪ್ಯಾಕುಗಳು ಬಂದವು. ಲೈಸೆನ್ಸ್ ಇಲ್ಲದ ಗೂಡಂಗಡಿಗಳಲ್ಲೂ ಅವು ಸಿಗುತ್ತವೆ ಎಂಬುದೇ ಹಳ್ಳಿ ಹೆಂಗಸರ ದೊಡ್ಡ ದೂರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದದ್ದು ಸಂಪೂರ್ಣ ಪಾನನಿಷೇಧ ಬೇಕೆಂದು.

ನಿಷೇಧ ಬೇಕೋ ಬೇಡವೋ ಎಂಬ ಚರ್ಚೆ ದೊಡ್ಡದು, ನಡೆಯಲಿ. ಆದರೆ ಅಂಗಡಿ ಮುಚ್ಚಿದ ಮರುದಿನವೂ ಆಗಲೇ ಚಟಕ್ಕೆ ಬಿದ್ದವನ ಕೈ ನಡುಗುತ್ತಲೇ ಇರುತ್ತದೆ. ಅವನಿಗೆ ಬೇಕಾದದ್ದು ವೈದ್ಯರು. ಲೆಕ್ಕ ಹೇಳುವುದೇನು? ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6 ಮಂದಿ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ದಾಸರಾದ ಪ್ರತಿ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ! ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ಮಾನಸಿಕ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳಿತು: ಮದ್ಯದ ತೊಂದರೆ ಇರುವವರಲ್ಲಿ ಶೇ. 86 ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ.

ಸಾಫ್ಟ್‌ವೇರ್ ಕೆಲಸದವರಾದ ನಮಗೆ ಒಂದು ಅಭ್ಯಾಸವಿದೆ. ಏನಾದರೂ ಕೆಟ್ಟು ನಿಂತರೆ ಬಳಸುವವನನ್ನು ಬೈಯುವ ಮೊದಲು ಎಲ್ಲಿ ಕೊಂಡಿ ಕಳಚಿದೆ ಎಂದು ಹುಡುಕುತ್ತೇವೆ. ಇಲ್ಲಿಯೂ ಹಾಗೇ ಹುಡುಕೋಣ.

ಚಿಕಿತ್ಸೆಯೇ ಇಲ್ಲ ಎನ್ನುವಂತಿಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಬೆಂಗಳೂರಿನಿಂದ ಜಿಲ್ಲೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಬಳ್ಳಾರಿಯಲ್ಲಿ 1985ರಷ್ಟು ಹಿಂದೆಯೇ ಆರಂಭಿಸಿತ್ತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ಕರ್ನಾಟಕ ಸರಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ತನ್ನೊಳಗೆ ಸೇರಿಸಿಕೊಂಡು, ಸರಕಾರಿ ಚಿಕಿತ್ಸೆಯನ್ನು ಹಕ್ಕೆಂದು ಹೇಳಿದೆ. 2022ರ ಅಕ್ಟೋಬರ್‌ನಿಂದ ‘ಟೆಲಿ ಮಾನಸ್’ ಎಂಬ ಉಚಿತ ಸಹಾಯವಾಣಿ ಇದೆ: ನಂಬರ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತನಾಡಬಹುದು.

ಹಾಗಾದರೆ ಕೊಂಡಿ ಕಳಚಿದ್ದೆಲ್ಲಿ? ಹಳ್ಳಿಯ ಮನೆ ಬಾಗಿಲಿಗೂ ತಾಲ್ಲೂಕು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಗೂ ನಡುವೆ. ಮಂಗಳವಾರ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬರುವ ಹೆಂಡತಿಯ ಕೂಲಿಯೂ ಹೋಯಿತು. ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಎಲ್ಲಿಗೆ ಎಂದು ಕೇಳುತ್ತಾರೆ; ‘ಮಾನಸಿಕ’ ಎಂಬ ಬೋರ್ಡು ಕಂಡರೆ ಹುಚ್ಚಾಸ್ಪತ್ರೆ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕುಡಿತವೊಂದು ಕಾಯಿಲೆ, ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲೇ ಔಷಧಿ ಇದೆ ಎಂದು ಆ ಮನೆಗೆ ಯಾರೂ ಹೇಳಿರುವುದಿಲ್ಲ. ಅವರು ಕೇಳಿದ್ದು ‘ಮನಸ್ಸು ಮಾಡಿದರೆ ಬಿಡಬಹುದು’ ಎಂಬ ಒಂದೇ ಮಾತು.

ಈ ಮಾತು ಕೆಲವೊಮ್ಮೆ ಜೀವಕ್ಕೇ ಅಪಾಯ. ವರ್ಷಗಟ್ಟಲೆ ದಿನವೂ ಕುಡಿದವನು ದೇವರ ಮೇಲೆ ಆಣೆ ಇಟ್ಟು ಒಮ್ಮೆಲೇ ನಿಲ್ಲಿಸಿದರೆ, ಕೊನೆಯ ಕುಡಿತದ ಸುಮಾರು 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವಾಗ ಕೆಲವರು ಇಲ್ಲದ್ದನ್ನು ಕಾಣುತ್ತಾರೆ, ಹುಳ ಹರಿದಾಡುತ್ತಿದೆ ಎನ್ನುತ್ತಾರೆ, ಮನೆಯವರ ಗುರುತೇ ಹಿಡಿಯುವುದಿಲ್ಲ. ಊರಿನಲ್ಲಿ ಇದನ್ನು ಗಾಳಿ ಸೋಂಕು ಎಂದು ಮಂತ್ರವಾದಿಯ ಹತ್ತಿರ ಒಯ್ಯುವುದುಂಟು. ವಾಸ್ತವದಲ್ಲಿ ಅದು ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಆಸ್ಪತ್ರೆಯಲ್ಲಾದರೆ ನಡುಕ, ಫಿಟ್ಸ್ ತಡೆಯುವ ಮಾತ್ರೆ ಮತ್ತು ಬಿ1 ವಿಟಮಿನ್ ಕೊಟ್ಟು ಸಾಮಾನ್ಯವಾಗಿ ಒಂದು ವಾರದೊಳಗೆ ಈ ಹಂತ ದಾಟಿಸುತ್ತಾರೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಎಂಟು ದಿನದ ಈ ಶಿಬಿರಗಳು ಹಳ್ಳಿಯ ಸಮೀಪವೇ ನಡೆಯುತ್ತವೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ‘ನವಜೀವನ ಸಮಿತಿ’ಗಳಲ್ಲಿ ಕೂಡುತ್ತಾರೆ. ನಾಚಿಕೆ, ದೂರ ಎಂಬ ಎರಡು ಅಡ್ಡಿಗಳನ್ನು ಒಟ್ಟಿಗೆ ತೆಗೆದದ್ದೇ ಇವುಗಳ ಬಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕುಡಿಯದೆ ಇರಲಾರದವರು, ಹಿಂದೆ ಫಿಟ್ಸ್ ಬಂದವರು, ಕಾಮಾಲೆ ಇರುವವರು ಮೊದಲು ವೈದ್ಯರನ್ನು ಕಂಡು ಆಮೇಲೆ ಶಿಬಿರಕ್ಕೆ ಹೋಗುವುದೇ ಕ್ಷೇಮ.

ಇನ್ನೊಂದು ಎಚ್ಚರಿಕೆ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಜಾಹೀರಾತುಗಳನ್ನು ಗೋಡೆಗಳ ಮೇಲೆ ಎಲ್ಲರೂ ಕಂಡಿದ್ದೇವೆ. ಸಾರಿನಲ್ಲಿ ಕಲಸಿ ಕೊಡುವ ಪುಡಿಯಲ್ಲಿ ಏನಿದೆಯೋ ಬಲ್ಲವರಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆಯನ್ನು ತಿಂದವನು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತದೆ. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರೇ ಕೊಡಬೇಕಾದ ಔಷಧಿ ಅದು. ಹೇಳದೆ ಕೊಟ್ಟರೆ ಪ್ರಾಣಕ್ಕೆ ಅಪಾಯ.

ಇಷ್ಟು ದೂರ ಇರುವ ನಾವು ಏನು ಮಾಡಬಹುದು? ನಾವು ಕಳುಹಿಸುವ ದಿರಹಮ್ಮು ಊರಿನಲ್ಲಿ ರೂಪಾಯಿಯಾಗಿ ಯಾರ ಕೈ ಸೇರುತ್ತದೆ ಎಂದು ಮೊದಲು ನೋಡೋಣ. ಮನೆ ಖರ್ಚಿನ ಹಣ ಅಮ್ಮನ ಅಥವಾ ಅತ್ತಿಗೆಯ ಖಾತೆಗೇ ಹೋಗಲಿ. ಆಸ್ಪತ್ರೆಗೆ ಹೋಗುವ ದಿನದ ಇಬ್ಬರ ಕೂಲಿ ಮತ್ತು ಬಸ್ಸಿನ ಹಣವನ್ನು ಬೇರೆಯಾಗಿ ಕಳುಹಿಸೋಣ. ನಮಗೆ ಇದು ಕರಾಮಾದಲ್ಲಿ ಒಂದು ಊಟದ ಬೆಲೆ. ಅಲ್ಲಿ ಹೋಗುವುದೋ ಬಿಡುವುದೋ ಎಂದು ನಿರ್ಧರಿಸುವುದು ಅದೇ ಹಣ. 14416 ನಂಬರನ್ನು ಅತ್ತಿಗೆಯ ಫೋನಿನಲ್ಲಿ ಸೇವ್ ಮಾಡಿಸೋಣ. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಚಿಕಿತ್ಸೆಯಲ್ಲಿರುವವರನ್ನು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಕರೆಸುವವರು ನೆನಪಿಡಬೇಕಾದ ಸಂಗತಿಯೊಂದಿದೆ: ಊರಿನ ವೈದ್ಯರು ಕೊಡುವ ಕೆಲವು ನಿದ್ದೆ, ನಡುಕದ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಅವನ್ನು ತರಲು ಪ್ರಯಾಣಕ್ಕೆ ಮೊದಲೇ ಆನ್‌ಲೈನ್ ಅನುಮತಿ ಪಡೆದು, ವೈದ್ಯರ ಚೀಟಿ ಜೊತೆಗಿಟ್ಟುಕೊಳ್ಳಬೇಕು.

ಕೊನೆಯದಾಗಿ, ಬಿಟ್ಟವರು ಮತ್ತೆ ಕುಡಿದರೆ ‘ಎಲ್ಲ ದಂಡ’ ಎಂದು ಕೈಬಿಡುವುದು ಬೇಡ. ಸಕ್ಕರೆ ಕಾಯಿಲೆಯವರ ಸಕ್ಕರೆ ಒಮ್ಮೆ ಏರಿದರೆ ಔಷಧಿ ನಿಲ್ಲಿಸುತ್ತೇವೆಯೇ? ಇದೂ ಹಾಗೆಯೇ, ತಿಂಗಳುಗಟ್ಟಲೆ ಜೊತೆಗಿದ್ದು ನೋಡಿಕೊಳ್ಳಬೇಕಾದ ಕಾಯಿಲೆ. ‘ಯಾಕೋ ಮತ್ತೆ ಕುಡಿದೆ?’ ಎಂದು ಕೇಳುವ ಬದಲು ‘ಆಸ್ಪತ್ರೆಗೆ ಯಾರ ಜೊತೆ ಹೋಗ್ತೀಯಾ?’ ಎಂದು ಕೇಳೋಣ. ಮೊದಲ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ ಸಿಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ.